ಮಲಪ್ರಭೆಯ ಮಕ್ಕಳಿಗೊಂದು ಘಟ್ಟದ ರೈಲು

ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಅಲ್ಲಿಂದ ಹೊರಟು ಬೆಳಗಾವಿ ದಾಟಿ ಮಿರಜ್ ಕಡೆಗೆ ಹೋಗುವ ಗಾಡಿಗೆ ರಾಣಿ ಚೆನ್ನಮ್ಮನ ಹೆಸರಿದೆ. ಆದರೆ ಸಂಗೊಳ್ಳಿ ಇರುವ ಬೈಲಹೊಂಗಲ ತಾಲ್ಲೂಕಿನಲ್ಲಿ ರೈಲು ಹಳಿ ಇಲ್ಲ. ಚೆನ್ನಮ್ಮ ಆಳಿದ ಕಿತ್ತೂರಿನಲ್ಲೂ ಇಲ್ಲ. ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ. ಈ ನಾಲ್ಕು ಊರಿನವರು ರೈಲು ಕಾಣಬೇಕಾದರೆ ಮೊದಲು ಬಸ್ ಹಿಡಿದು ಬೆಳಗಾವಿಗೋ ಧಾರವಾಡಕ್ಕೋ ಬಾಗಲಕೋಟೆಗೋ ಹೋಗಬೇಕು.

ಇದೇ ಸೀಮೆಯ ಪಶ್ಚಿಮಕ್ಕೆ, ಬೆಳಗಾವಿಯಿಂದ ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಯ ಕುಳೆಂವರೆಗೆ, ಭಾರತದ ಅತ್ಯಂತ ಸುಂದರ ಘಟ್ಟದ ರೈಲು ಮಾರ್ಗಗಳಲ್ಲೊಂದು ಇದೆ. ಎಲ್ಲ ಸೇರಿ ಸುಮಾರು 100 ಕಿ.ಮೀ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಬ್ರಗಾಂಝಾ ಘಟ್ಟದಲ್ಲಿ 37 ಅಡಿ ಸಾಗುವಷ್ಟರಲ್ಲಿ ಹಳಿ ಒಂದು ಅಡಿ ಇಳಿಯುತ್ತದೆ. ನಡುವೆ ಸುರಂಗಗಳು, ದಟ್ಟ ಕಾಡು, 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಧುಮುಕುವ ದೂಧಸಾಗರ. ಜಲಪಾತದ ಎದೆಯ ಮೇಲೇ ಹಾದಂತೆ ಕಾಣುವ ಸೇತುವೆಯ ಮೇಲೆ ಗಾಡಿ ಹೋಗುತ್ತದೆ. ಆ ಚಿತ್ರವನ್ನು ದೇಶವೆಲ್ಲ ಮೊಬೈಲಿನಲ್ಲಿ ನೋಡಿದೆ. ಆದರೆ ಬೈಲಹೊಂಗಲದ ಹತ್ತಿ ಬೆಳೆಯುವ ಮನೆಯವರಲ್ಲಿ, ಸವದತ್ತಿ ಸೀಮೆಯ ಯಕ್ಕುಂಡಿಯ ಕೂಲಿಕಾರ ಹೆಣ್ಣುಮಕ್ಕಳಲ್ಲಿ, ರಾಮದುರ್ಗದ ನೇಕಾರರಲ್ಲಿ ಆ ಹಾದಿಯಲ್ಲಿ ಹಗಲು ಹೊತ್ತು ಕೂತು ಹೋದವರು ವಿರಳ.

ಈ ಮಾರ್ಗದಲ್ಲಿ ತಿಳಿದವರು ಜೊತೆಗಿದ್ದು ತೋರಿಸುವ, ಜನಸಾಮಾನ್ಯರ ಕೈಗೆಟಕುವ ದರದ ಒಂದು ಪ್ರವಾಸದ ರೈಲು ಬೇಕು. ಅದು ಮೊದಲು ಸಿಗಬೇಕಾದದ್ದು ಮಲಪ್ರಭೆಯ ನೀರು ಕುಡಿಯುವ ಈ ನಾಲ್ಕು ತಾಲ್ಲೂಕುಗಳಿಗೆ. ಇವರ ಬೆಳೆ, ಬರ, ಪ್ರವಾಹ, ಇತಿಹಾಸ ಎಲ್ಲವೂ ಆ ಘಟ್ಟದ ನೆತ್ತಿಗೆ ಕಟ್ಟಿಕೊಂಡಿವೆ ಎಂಬುದೇ ಅದಕ್ಕೆ ಕಾರಣ.

ಮೊದಲು ಹಳಿಯ ಕಥೆ ನೋಡೋಣ. 1876ರಿಂದ 78ರವರೆಗಿನ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿಹಾಕಿತು. ಬೇರೆಡೆ ಕಾಳು ಇದ್ದರೂ ಹಸಿದವರ ಊರಿಗೆ ತಂದು ಮುಟ್ಟಿಸುವ ಸಾಧನ ಇರಲಿಲ್ಲ. ಆ ಪಾಠದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರಪೀಡಿತ ಸೀಮೆಗೆ ಧಾನ್ಯ ಒಯ್ಯುವುದು ಅದರ ಹಳಿಗಳ ಘೋಷಿತ ಉದ್ದೇಶಗಳಲ್ಲೊಂದು. ಇನ್ನೊಂದು ಕಡೆ ಬ್ರಿಟಿಷರಿಗೆ ಧಾರವಾಡ ಸೀಮೆಯ ಹತ್ತಿಯನ್ನು ಹತ್ತಿರದ ಬಂದರಿಗೆ ಇಳಿಸಬೇಕಿತ್ತು. ಪೋರ್ಚುಗೀಸರಿಗೆ ತಮ್ಮ ಮುರಗಾಂವ್ ಬಂದರು ಬೆಳೆಯಬೇಕಿತ್ತು. 1878ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಕೆಳಗಿನಿಂದ ಪೋರ್ಚುಗೀಸ್ ಸೀಮೆಯ ಕಂಪನಿ, ಮೇಲಿನಿಂದ ಸದರ್ನ್ ಮರಾಠಾ ಹಳಿ ಹಾಕುತ್ತ ಬಂದು, 1880ರ ದಶಕದ ಕೊನೆಗೆ ಗಡಿಯ ಕ್ಯಾಸಲ್‌ರಾಕ್‌ನಲ್ಲಿ ಕೂಡಿಕೊಂಡವು. ಮುಂದೆ ಅದೇ ಊರು ಎರಡು ರಾಜ್ಯಭಾರಗಳ ನಡುವಿನ ಸುಂಕದ ಕಟ್ಟೆಯಾಯಿತು. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹ ಜೋರಾದಾಗ ಗಡಿ ಮುಚ್ಚಿತು. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ದಾರಿ ಮತ್ತೆ ತೆರೆಯಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು.

ಆ ಹಳಿಯ ಮೇಲೆ ಈ ಸೀಮೆಯ ಕರಿನೆಲದ ಹತ್ತಿ ಸಮುದ್ರಕ್ಕೆ ಇಳಿಯಿತು. ಈಗ ಮುರಗಾಂವ್‌ಗೆ ಹಡಗಿನಲ್ಲಿ ಬಂದ ಕಲ್ಲಿದ್ದಲು ಅದೇ ಘಟ್ಟ ಹತ್ತಿ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ಅಂದಿನಿಂದ ಇಂದಿನವರೆಗೆ ಆ ಮಾರ್ಗಕ್ಕೆ ಮುಖ್ಯವಾಗಿ ಕಂಡದ್ದು ಸರಕು. ಬರದಲ್ಲಿ ಬೆಂದ ಜನರ ಹೆಸರಿನಲ್ಲಿ ಶುರುವಾದ ಹಳಿಯ ಮೇಲೆ ಆ ಜನರ ಮೊಮ್ಮಕ್ಕಳಿಗೆ ವರ್ಷದಲ್ಲಿ ಕೆಲವು ದಿನ ಒಂದು ಗಾಡಿ ಕೊಡಿ ಎಂದು ಕೇಳುವುದು ನ್ಯಾಯವಾದ ಮಾತು.

ಇನ್ನು ನೀರು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ನೆತ್ತಿಯ ಮೇಲೆ. ಅಲ್ಲಿ ವರ್ಷಕ್ಕೆ ಸಾವಿರಾರು ಮಿ.ಮೀ. ಮಳೆ ಸುರಿಯುತ್ತದೆ. ಅದೇ ಹೊಳೆ ಪೂರ್ವಕ್ಕೆ ಹರಿದು ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿಯ ಬಳಿ ಗುಡ್ಡ ಸೀಳಿಕೊಂಡು ಹೋಗುವ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಮುಂದೆ ರಾಮದುರ್ಗಕ್ಕೆ ಬರುತ್ತದೆ. ರಾಮದುರ್ಗದಲ್ಲಿ ಮಳೆ 500-600 ಮಿ.ಮೀ. ಆಸುಪಾಸು. ಅಂದರೆ ಕೆಳಗಿನವರ ಅದೃಷ್ಟ ಮೇಲಿನ ಕಾಡಿನಲ್ಲಿ ನಿರ್ಧಾರವಾಗುತ್ತದೆ. ನವಿಲುತೀರ್ಥದ ರೇಣುಕಾಸಾಗರ 37 ಟಿಎಂಸಿಗೂ ಸ್ವಲ್ಪ ಹೆಚ್ಚು ನೀರು ಹಿಡಿಯಬಲ್ಲದು. ಆದರೆ ಘಟ್ಟದಲ್ಲಿ ಮಳೆ ಕೈಕೊಟ್ಟ ವರ್ಷ ಅದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಅದೇ ಘಟ್ಟದ ಮಳೆ ತಡೆಯಿಲ್ಲದೆ ಸುರಿದಾಗ ರಾಮದುರ್ಗದ ಹೊಳೆಸಾಲಿನ ಮನೆಗಳಿಗೆ ನೀರು ನುಗ್ಗಿತು. ಬರವೂ ಅಲ್ಲಿಂದಲೇ, ನೆರೆಯೂ ಅಲ್ಲಿಂದಲೇ.

ಬೆಳಗಾವಿಯಿಂದ ಹೊರಟ ಗಾಡಿ ಖಾನಾಪುರದಲ್ಲಿ ಈ ಮಲಪ್ರಭೆಯನ್ನು ದಾಟುತ್ತದೆ. ಸ್ವಲ್ಪ ಮುಂದೆ ಸದ್ದಿಲ್ಲದೆ ನೀರಿನ ದಿಕ್ಕು ಬದಲಾಗುತ್ತದೆ. ಖಾನಾಪುರದಲ್ಲಿ ಬಿದ್ದ ಹನಿ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಲೋಂಡಾದ ಹಳ್ಳಗಳಲ್ಲಿ ಬಿದ್ದದ್ದು ಪಾಂಡ್ರಿ ಹೊಳೆಯಿಂದ ಕಾಳಿಗೆ, ಕಾಳಿಯಿಂದ ಅರಬ್ಬಿ ಸಮುದ್ರಕ್ಕೆ. ಕ್ಯಾಸಲ್‌ರಾಕ್ ದಾಟಿ ಕೆಳಗಿಳಿದರೆ ದೂಧಸಾಗರದ ನೀರು ಮಹಾದಾಯಿಯ ಪಾಲು. ಒಂದು ಅರ್ಧ ದಿನದ ಪ್ರಯಾಣದಲ್ಲಿ ಮೂರು ನದಿಗಳ ಸೀಮೆ ದಾಟಿದಂತಾಯಿತು. ಆದರೆ ಕಿಟಕಿಯಲ್ಲಿ ಕೂತವನ ಕಣ್ಣಿಗೆ ಇದು ತಾನಾಗಿ ಕಾಣುವುದಿಲ್ಲ. ಹಸಿರು ಹಸಿರಾಗಿಯೇ ಇರುತ್ತದೆ, ಹಳ್ಳ ಹಳ್ಳವಾಗಿಯೇ. ಇಲ್ಲಿಂದ ಆಚೆ ನಿಮ್ಮ ಊರಿಗೆ ನೀರು ಬರುವುದಿಲ್ಲ ಎಂದು ಯಾರಾದರೂ ಆ ಜಾಗದಲ್ಲೇ ಕೈ ತೋರಿಸಿ ಹೇಳಬೇಕು. ಆಗ ಪ್ರಯಾಣಿಕ ಎದ್ದು ಕೂರುತ್ತಾನೆ.

ಮಹಾದಾಯಿ ಎಂದ ಕೂಡಲೇ ಈ ಭಾಗದಲ್ಲಿ ಮಾತಿನ ಧಾಟಿ ಬದಲಾಗುತ್ತದೆ. ಮಹಾದಾಯಿಗೆ ಸೇರುವ ಕಳಸಾ-ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ರೈತರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ, ಲಾಠಿ ಏಟು ತಿಂದಿದ್ದಾರೆ. 2018ರ ಆಗಸ್ಟ್ 14ರಂದು ಬಂದ ಮಹಾದಾಯಿ ಜಲವಿವಾದ ನ್ಯಾಯಮಂಡಳಿಯ ತೀರ್ಪು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ಗೋವೆಯವರಿಗೆ ಇದು ಕಾಡಿನ ಅಳಿವು ಉಳಿವಿನ ಪ್ರಶ್ನೆ, ನಮ್ಮವರಿಗೆ ಕುಡಿಯುವ ನೀರಿನ ಪ್ರಶ್ನೆ. ಎರಡೂ ಕಡೆ ಭಾಷಣ ಮಾಡುವವರು ಬಹಳ. ಆದರೆ ಆ ನಾಲೆ, ಆ ಕಾಡು, ಆ ಬಂಡೆಯಂಚನ್ನು ಕಣ್ಣಾರೆ ಕಂಡವರು ಕಡಿಮೆ. ನೀರಿಗಾಗಿ ಹೋರಾಡುವ ಸಮುದಾಯ ಆ ನೀರು ಹುಟ್ಟುವ ಕಾಡನ್ನು ನೋಡಿದರೆ ಅದರ ಹಕ್ಕಿನ ದನಿ ಕುಗ್ಗುವುದಿಲ್ಲ. ಅದಕ್ಕೆ ತಿಳಿವಿನ ಬಲ ಬರುತ್ತದೆ. ಕಾಡು ಉಳಿಯದೆ ಯಾವ ನಾಲೆಯಲ್ಲೂ ನೀರು ಉಳಿಯದು ಎಂಬ ಮಾತನ್ನು ಕರಪತ್ರ ಹೇಳಿದ್ದಕ್ಕಿಂತ ಒಂದು ಶ್ರಾವಣದ ಹಗಲು ಚೆನ್ನಾಗಿ ಮನದಟ್ಟು ಮಾಡುತ್ತದೆ.

ಇತಿಹಾಸವೂ ಇದೇ ದಾರಿಯಲ್ಲಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದು ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಕೋಟೆ ಕೈತಪ್ಪಿ, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿ 1829ರಲ್ಲಿ ತೀರಿಕೊಂಡ ಮೇಲೆ ರಾಯಣ್ಣ ಹೋರಾಟವನ್ನು ಕಾಡಿಗೆ ಒಯ್ದ. ಬಯಲಿನಲ್ಲಿ ಗೆಲ್ಲಲಾಗದ ಪಡೆಯನ್ನು ಖಾನಾಪುರ ಸೀಮೆಯ ಮಲೆ ಕಾಯ್ದುಕೊಂಡಿತು. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದೂ ಅದೇ ತಾಲ್ಲೂಕಿನ ನಂದಗಡದಲ್ಲಿ. ಬೈಲಹೊಂಗಲದ ಸಮಾಧಿ, ಕಿತ್ತೂರಿನ ಕೋಟೆ, ನಂದಗಡದ ಗೋರಿ ಮೂರನ್ನೂ ಬೇರೆ ಬೇರೆ ಪಾಠವಾಗಿ ಓದಿದ ಮಗುವಿಗೆ, ಬಯಲಿನಿಂದ ಮಲೆಗೆ ಸರಿದ ಆ ಯುದ್ಧದ ತರ್ಕ ತಿಳಿಯುವುದು ನೆಲದ ಏರಿಳಿತವನ್ನು ಕಂಡಾಗ ಮಾತ್ರ.

ಹೀಗಿರುವಾಗ ನಮ್ಮಲ್ಲಿ ಪ್ರವಾಸದ ರೈಲು ಎಂದರೆ ಏನು? ಒಂದು ತುದಿಯಲ್ಲಿ 2008ರಲ್ಲಿ ಆರಂಭವಾದ ಗೋಲ್ಡನ್ ಚಾರಿಯಟ್ ಇದೆ. ನಿಂತು ನಿಂತು ಈಚೆಗೆ ಮತ್ತೆ ಹೊರಟಿರುವ ಆ ಅರಮನೆ ರೈಲಿನಲ್ಲಿ ಐದು ರಾತ್ರಿಯ ಪ್ರವಾಸಕ್ಕೆ ಒಬ್ಬರಿಗೆ ಸುಮಾರು ನಾಲ್ಕು ಲಕ್ಷ ರೂಪಾಯಿ. ನಡುವೆ ಗಾಜಿನ ಬೋಗಿಗಳು ಬಂದಿವೆ. ಯಶವಂತಪುರ-ಮಂಗಳೂರು ಗಾಡಿಗೆ 2021ರ ಜುಲೈನಲ್ಲಿ ವಿಸ್ಟಾಡೋಮ್ ಬೋಗಿ ಸೇರಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 57 ಸುರಂಗಗಳ ಹಾದಿಯನ್ನು ಅದರಲ್ಲಿ ಕೂತು ನೋಡಬಹುದು. ಒಳ್ಳೆಯದೇ. ಆದರೆ ಗಾಜು ನೋಟವನ್ನು ದೊಡ್ಡದು ಮಾಡುತ್ತದೆ, ಅರ್ಥವನ್ನು ಹೇಳುವುದಿಲ್ಲ. ಇನ್ನೊಂದು ತುದಿಯಲ್ಲಿ 2022ರ ನವೆಂಬರ್‌ನಲ್ಲಿ ಮುಜರಾಯಿ ಇಲಾಖೆ ಶುರು ಮಾಡಿದ ಭಾರತ್ ಗೌರವ್ ಕಾಶಿ ದರ್ಶನ ರೈಲು ಇದೆ. ಆರಂಭದಲ್ಲಿ ತಲೆಗೆ 20,000 ರೂಪಾಯಿಯ ಆ ಯಾತ್ರೆಗೆ ಸರ್ಕಾರ 5,000 ರೂಪಾಯಿ ಕೊಟ್ಟಿತು. ಊಟ, ವಸತಿ, ಜೊತೆಗಾರರು ಎಲ್ಲ ಸೇರಿ ಊರಿನ ಹಿರಿಯರು ಹೋಗಿಬಂದರು. ಕಾಶಿಗೆ ಕರೆದೊಯ್ಯಬಲ್ಲ ವ್ಯವಸ್ಥೆಗೆ ಕ್ಯಾಸಲ್‌ರಾಕ್ ದೂರವಾಗಬಾರದು.

ಸ್ವಿಟ್ಜರ್‌ಲೆಂಡಿನ ಬರ್ನೀನಾ ಮಾರ್ಗವನ್ನು ಜಗತ್ತೇ ಹೊಗಳುತ್ತದೆ. ಅಲ್ಲಿ ದುಬಾರಿ ನೋಟದ ಗಾಡಿ ಓಡುವ ಹಳಿಯ ಮೇಲೇ ಊರವರ ಮಾಮೂಲಿ ಗಾಡಿಗಳೂ ಮಾಮೂಲಿ ದರಕ್ಕೆ ಓಡುತ್ತವೆ ಎಂಬುದನ್ನು ಹೊಗಳುವವರು ಬಿಟ್ಟುಬಿಡುತ್ತಾರೆ. ಊರವರದಾದ ಮೇಲೆ ಪ್ರವಾಸಿಗರದಾಗಬೇಕು. ಆ ಕ್ರಮವೇ ಸರಿ.

ಯಾರೋ ಮುಂದೆ ನಿಂತು ಕರೆದೊಯ್ಯುವ ಸಾಮೂಹಿಕ ಪ್ರಯಾಣ ನಮಗೆ ಹೊರಗಿನಿಂದ ಬಂದದ್ದಲ್ಲ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು, ಬುತ್ತಿ ಹೊತ್ತು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮನೆತನಗಳಿವೆ. ಯುಗಾದಿಯ ಹೊತ್ತಿಗೆ ಉರಿಬಿಸಿಲಿನಲ್ಲಿ ಶ್ರೀಶೈಲಕ್ಕೆ ನಡೆಯುವ ಪಾದಯಾತ್ರಿಗಳಿದ್ದಾರೆ. ಪಂಢರಪುರದ ದಿಂಡಿಗಳಿವೆ. ಪ್ರತಿ ತಂಡದಲ್ಲೂ ದಾರಿ ಬಲ್ಲ ಒಬ್ಬ ಹಿರಿಯ ಇರುತ್ತಾನೆ. ಎಲ್ಲಿ ನೀರು, ಎಲ್ಲಿ ನೆರಳು, ಯಾವ ಕಲ್ಲಿನ ಕಥೆ ಏನು ಎಂದು ಹೇಳುತ್ತ ನಡೆಸುತ್ತಾನೆ. ನಾನು ಕೇಳುತ್ತಿರುವ ರೈಲಿಗೆ ಬೇಕಾದದ್ದು ಅಂಥ ಜೊತೆಗಾರ. ಕಂಠಪಾಠ ಒಪ್ಪಿಸುವ ಧ್ವನಿವರ್ಧಕದಿಂದ ಆ ಕೆಲಸ ಆಗದು. ಖಾನಾಪುರದ ಕಾಡಂಚಿನ ಯುವಕ, ನಂದಗಡದ ಇತಿಹಾಸ ಓದಿದ ಶಿಕ್ಷಕಿ, ಹಳಿ ಕಾಯ್ದು ನಿವೃತ್ತನಾದ ಗ್ಯಾಂಗ್‌ಮನ್, ನೀರಾವರಿ ಲೆಕ್ಕ ಬಲ್ಲ ಸವದತ್ತಿಯ ರೈತ ಬೋಗಿಗೊಬ್ಬರಂತೆ ಇದ್ದರೆ ಸಾಕು. ಕನ್ನಡದಲ್ಲಿ, ಕೊಂಕಣಿ-ಮರಾಠಿಯಲ್ಲಿ ಮಾತಾಡುವ ಆ ಜನಕ್ಕೆ ಮಳೆಗಾಲದ ಉದ್ಯೋಗವೂ ಸಿಕ್ಕೀತು.

ಜೊತೆಗಾರರಿಲ್ಲದ ಪ್ರವಾಸ ಏನಾಗುತ್ತದೆ ಎಂಬುದನ್ನು ದೂಧಸಾಗರವೇ ತೋರಿಸಿದೆ. 2023ರ ಜುಲೈನಲ್ಲಿ ಸಾವಿರಾರು ಯುವಕರು ಹಳಿಗುಂಟ ನಡೆದು ಜಲಪಾತಕ್ಕೆ ಹೊರಟರು. ಅವರನ್ನು ತಡೆದು ಬಸ್ಕಿ ಹೊಡೆಸಿದ ದೃಶ್ಯ ದೇಶವೆಲ್ಲ ಹರಿದಾಡಿತು. ಹಳಿ ಮೇಲೆ ನಡೆಯುವುದು ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. ಸುರಂಗದೊಳಗೆ ಎದುರು ಗಾಡಿ ಬಂದರೆ ಸರಿಯಲು ಜಾಗವಿಲ್ಲದ ಕಡೆ ತಡೆದದ್ದು ಸರಿಯೇ. ಆದರೆ ತಡೆಯುವುದರಲ್ಲೇ ಕರ್ತವ್ಯ ಮುಗಿಯಿತೇ? ಇಷ್ಟು ಜನರಲ್ಲಿ ಕಾಣುವ ಹಂಬಲವಿದ್ದಾಗ ಕಾಣಲು ಕಾಯ್ದೆಬದ್ಧವಾದ, ಸುರಕ್ಷಿತವಾದ ಒಂದು ದಾರಿ ಮಾಡಿಕೊಡುವುದು ಸಾರ್ವಜನಿಕ ಸಂಸ್ಥೆಯ ಹೊಣೆ. ನಿಧಾನವಾಗಿ ಸೇತುವೆ ದಾಟುವ, ಯಾರನ್ನೂ ಕೆಳಗಿಳಿಸದ ಗಾಡಿಯೇ ಆ ದಾರಿ.

ಇದಕ್ಕೆ ಆಕ್ಷೇಪಗಳು ಬರುತ್ತವೆ, ಬರಬೇಕು. ಮೊದಲನೆಯದು: ಊರಿಗೆ ರೈಲೇ ಇಲ್ಲ, ಪ್ರವಾಸದ ರೈಲು ಯಾಕೆ? ಧಾರವಾಡ-ಕಿತ್ತೂರು-ಬೆಳಗಾವಿ ನಡುವಿನ 73 ಕಿ.ಮೀ. ನೇರ ಮಾರ್ಗಕ್ಕೆ 2020ರಲ್ಲಿ 927 ಕೋಟಿ ರೂಪಾಯಿ ಅಂದಾಜಿನ ಮಂಜೂರಾತಿ ಸಿಕ್ಕಿತು. ಆಗ ರೈಲ್ವೆ ರಾಜ್ಯ ಸಚಿವರಾಗಿದ್ದ ಬೆಳಗಾವಿಯ ಸಂಸದ ಸುರೇಶ ಅಂಗಡಿ ಅದಕ್ಕಾಗಿ ಓಡಾಡಿದ್ದರು, ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಭೂಸ್ವಾಧೀನ ವರ್ಷಗಟ್ಟಲೆ ಎಳೆಯಿತು. ಫಲವತ್ತಾದ ಹೊಲ ಕೊಡಲಾರೆವು ಎಂದ ರೈತರ ಮಾತಿಗೂ ತೂಕವಿದೆ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೂಲಕ ಧಾರವಾಡಕ್ಕೆ ಹಳಿ ಬೇಕೆಂಬ ಬೇಡಿಕೆಯೂ ಹಳೆಯದು. ಈ ಎರಡೂ ಮಾರ್ಗಗಳು ಆಗಲೇಬೇಕು. ಆದರೆ ಅವು ಆಗುವವರೆಗೆ ಇರುವ ಹಳಿಯ ಲಾಭವನ್ನೂ ಬಿಡಬೇಕು ಎನ್ನುವುದು ಯಾವ ನ್ಯಾಯ? ಪ್ರವಾಸದ ಗಾಡಿಗೆ ಹೊಸ ಹಳಿ ಬೇಡ, ಭೂಮಿ ಬೇಡ. ರೈಲಿನ ರುಚಿ ಕಂಡ ಜನ ತಮ್ಮ ಊರಿನ ಹಳಿಗಾಗಿ ಇನ್ನೂ ಗಟ್ಟಿಯಾಗಿ ಕೇಳುತ್ತಾರೆ.

ಎರಡನೆಯದು ಕಾಡಿನ ಪ್ರಶ್ನೆ. ಇದು ಹೆಚ್ಚು ಗಂಭೀರ. ಮೇಲ್ಭಾಗದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕೆಳಭಾಗದಲ್ಲಿ ಗೋವೆಯ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ಕ್ಯಾಸಲ್‌ರಾಕ್-ಕುಳೆಂ ನಡುವೆ ಜೋಡಿ ಹಳಿ ಹಾಕಲು ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮೋದನೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 9ರಂದು ರದ್ದುಗೊಳಿಸಿತು. ಪ್ರವಾಸದ ಹೆಸರಿನಲ್ಲಿ ಆ ಬಾಗಿಲನ್ನು ಹಿಂದಿನಿಂದ ತೆರೆಯುವುದಕ್ಕೆ ನನ್ನ ವಿರೋಧವಿದೆ. ಇರುವ ಒಂಟಿ ಹಳಿಯ ಮೇಲೆ, ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ, ಚಿಕ್ಕದೊಂದು ಗಾಡಿ ಸಾಕು. ಕಾಡಿನಲ್ಲಿ ಹೊಸ ನಿಲ್ದಾಣ ಬೇಡ, ಹೋಟೆಲ್ ಬೇಡ, ಕಿಟಕಿಯಿಂದ ಪ್ಲಾಸ್ಟಿಕ್ ಎಸೆದರೆ ದಂಡವಿರಲಿ. ಕಾರು-ಜೀಪುಗಳಲ್ಲಿ ಬಂದು ಕಾಡಿನ ಒಳಗೆ ಚದುರುವ ಸಾವಿರ ಜನರಿಗಿಂತ ಹಳಿಯ ಮೇಲೆ ಕೂತೇ ಹೋಗಿ ಕೂತೇ ಬರುವ ಸಾವಿರ ಜನ ಕಾಡಿಗೆ ಕಡಿಮೆ ಭಾರ.

ಮೂರನೆಯದು ಮಾರ್ಗದ ಒತ್ತಡ. ಸರಕು ಗಾಡಿಗಳ ದಟ್ಟಣೆ ಇದೆ, ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. 2024ರ ಆಗಸ್ಟ್‌ನಲ್ಲಿ ದೂಧಸಾಗರದ ಬಳಿ ಗೂಡ್ಸ್ ಗಾಡಿ ಹಳಿ ತಪ್ಪಿ ಸಂಚಾರ ನಿಂತಿತ್ತು. ಹಾಗಾಗಿ ಅತಿ ಮಳೆಯ ದಿನ ಗಾಡಿ ಕ್ಯಾಸಲ್‌ರಾಕ್‌ನಲ್ಲೇ ನಿಂತು ಮರಳಲಿ. ಆ ಮಾತನ್ನು ಟಿಕೆಟ್ ಕೊಡುವಾಗಲೇ ತಿಳಿಸಲಿ. ವಾರಕ್ಕೆ ಎರಡು ಹಗಲು ಕಲ್ಲಿದ್ದಲು ಕೆಲವು ತಾಸು ಕಾಯ್ದರೆ ಉಕ್ಕಿನ ಒಲೆ ಆರುವುದಿಲ್ಲ.

ಕಾಲದ ವಿಷಯದಲ್ಲಿ ಈ ಸೀಮೆಯ ಪಂಚಾಂಗವೇ ಅನುಕೂಲವಾಗಿದೆ. ನಮ್ಮ ಶಾಲೆಗಳು ಪ್ರವಾಸ ಹೊರಡುವುದು ಡಿಸೆಂಬರ್‌ನಲ್ಲಿ. ಆಗ ಜಲಪಾತ ಸೊರಗಿರುತ್ತದೆ. ಶ್ರಾವಣದ ನಾಗರ ಪಂಚಮಿಯ ಹೊತ್ತಿಗೆ ಘಟ್ಟ ತುಂಬಿ ಹರಿಯುತ್ತದೆ. ಮುಂಗಾರಿನ ಬಿತ್ತನೆ ಮುಗಿದಿರುತ್ತದೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಜೋಕಾಲಿ ಕಟ್ಟಿರುತ್ತದೆ, ಉಂಡಿಗಳ ಡಬ್ಬಿ ತುಂಬಿರುತ್ತದೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಯಲ್ಲಮ್ಮನ ಗುಡ್ಡದ ಬಸ್ಸುಗಳನ್ನು ತುಂಬಿದ್ದನ್ನು ನೋಡಿದವರಿಗೆ ಒಂದು ಸತ್ಯ ತಿಳಿದಿದೆ: ನಮ್ಮ ಹಳ್ಳಿಯ ಹೆಂಗಸರಿಗೆ ಊರು ನೋಡುವ ಆಸೆ ಇಲ್ಲದಿರಲಿಲ್ಲ, ಹೋಗಿಬರುವ ಖರ್ಚಿಗೆ ದಾರಿ ಇರಲಿಲ್ಲ. ನಾಲ್ಕೂ ಊರುಗಳಿಂದ ಬೆಳಗಾವಿಗೆ ಬಸ್ ಅವರಿಗೆ ಈಗ ಉಚಿತ. ಅಲ್ಲಿಂದ ಮುಂದಿನ ರೈಲಿನ ದರ ಒಂದು ದಿನದ ಕೂಲಿಯನ್ನು ಮೀರದಿದ್ದರೆ ಬೋಗಿಗಳು ಖಾಲಿ ಹೋಗಲಾರವು.

ಮೊದಲ ದಿನ ರೈಲಿನಲ್ಲಿ ನೀರಿನ ನೆತ್ತಿಗೆ ಹೋದವರು ಎರಡನೆಯ ದಿನ ಬಸ್ಸಿನಲ್ಲಿ ನೀರಿನ ಜಾಡು ಹಿಡಿದು ಕೆಳಗಿಳಿಯಲಿ. ಕಿತ್ತೂರಿನ ಕೋಟೆ, ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪ, ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ನವಿಲುತೀರ್ಥದ ಕಣಿವೆ, ಪರಸಗಡದ ಕೋಟೆ, ಯಲ್ಲಮ್ಮನ ಗುಡ್ಡ, ಗೊಡಚಿಯ ವೀರಭದ್ರನ ಗುಡಿಯವರೆಗೆ ಒಂದೇ ಸರಪಳಿ. ಬೆಂಗಳೂರಿನಿಂದ, ಗೋವೆಯಿಂದ ಬರುವವರೂ ಇದರಲ್ಲಿ ಸೇರಿಕೊಳ್ಳಬಹುದು. ಅವರು ಹೆಚ್ಚು ದರ ಕೊಡಲಿ, ಊರವರ ದರ ಅದರಿಂದ ಇಳಿಯಲಿ. ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕೆ ಕೇಂದ್ರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಕಟ್ಟಡ ಏಳುತ್ತದೆ, ಏಳಲಿ. ಆ ಗುಡ್ಡಕ್ಕೆ ಬಂದ ಭಕ್ತರಿಗೆ ಕೆಳಗಿನ ನೀರು ಎಲ್ಲಿಂದ ಬಂತು ಎಂದು ತೋರಿಸುವ ಕೆಲಸಕ್ಕೂ ಒಂದು ಪಾಲು ಸಿಗಬೇಕು.

ಹೊಸದಾಗಿ ಕಟ್ಟಬೇಕಾದದ್ದು ಇದರಲ್ಲಿ ಬಹುತೇಕ ಏನೂ ಇಲ್ಲ. ಹಳಿ ಹೊಸದಲ್ಲ, ಬಸ್ಸು ಹೊಸದಲ್ಲ, ಕಥೆಗಳೂ ಹೊಸವಲ್ಲ. ನೈಋತ್ಯ ರೈಲ್ವೆ, ಪ್ರವಾಸೋದ್ಯಮ ಇಲಾಖೆ, ವಾಯವ್ಯ ಸಾರಿಗೆ ಸಂಸ್ಥೆ, ಎರಡು ರಾಜ್ಯಗಳ ಅರಣ್ಯ ಇಲಾಖೆಗಳು ಒಂದು ಮೇಜಿನ ಸುತ್ತ ಕೂತರೆ ಮುಂದಿನ ಶ್ರಾವಣಕ್ಕೆ ನಾಲ್ಕು ಶನಿವಾರಗಳ ಪ್ರಯೋಗ ಸಾಧ್ಯ. ಅದನ್ನು ಕೇಳುವ ಕೆಲಸ ಈ ನಾಲ್ಕು ತಾಲ್ಲೂಕಿನ ಶಾಸಕರು, ಶಾಲೆಗಳು, ಸ್ತ್ರೀಶಕ್ತಿ ಸಂಘಗಳು, ರೈತ ಸಂಘಗಳದ್ದು. ಮೊದಲ ಗಾಡಿಯ ಮೊದಲ ಬೋಗಿ ನವಿಲುತೀರ್ಥದ ಕಾಲುವೆ ನೀರನ್ನೇ ನಂಬಿದ ಕಟ್ಟಕಡೆಯ ಹೊಲಗಳ ಮಕ್ಕಳಿಗೆ ಮೀಸಲಾಗಿರಲಿ. ಇನ್ನು ಇಪ್ಪತ್ತು ವರ್ಷಕ್ಕೆ ಮಲಪ್ರಭೆಯ ನೀರು, ಘಟ್ಟದ ಕಾಡು ಎರಡರ ಬಗ್ಗೆಯೂ ತೀರ್ಮಾನ ತೆಗೆದುಕೊಳ್ಳುವವರು ಅವರೇ. ನೋಡದೇ ತೀರ್ಮಾನಿಸುವ ಗತಿ ಅವರಿಗೆ ಬರಬಾರದು.